ಹೆಂಗಸರಿಗೇ ಯಾಕೆ ಜಾಸ್ತಿ?

ಕಾಫಿ ಕೊಯ್ಲು ಶುರುವಾದರೆ ಮಡಿಕೇರಿಯ ನನ್ನ ಕ್ಲಿನಿಕ್ಕಿಗೆ ಬೆರಳು ನೋವೆಂದು ಬರುವ ಹೆಂಗಸರೂ ಜಾಸ್ತಿ. "ಡಾಕ್ಟ್ರೇ, ಬೆಳಿಗ್ಗೆ ಮುಷ್ಟಿ ಕಟ್ಟೋಕೇ ಆಗಲ್ಲ. ಬಿಸಿನೀರಲ್ಲಿ ಕೈ ಅದ್ದಿ ಒಂದು ಗಂಟೆ ಕಳೆದ ಮೇಲೆ ಹಣ್ಣು ಕೀಳೋಕೆ ಬರುತ್ತೆ." ಮನೆಯವರ ತೀರ್ಪು ಆಗಲೇ ಬಂದಿರುತ್ತದೆ: ಚಳಿ, ವಾಯು. ಆದರೆ ಕೆಲಸದಿಂದ ಬಂದ ನೋವು ದುಡಿದಷ್ಟೂ ಏರುತ್ತದೆ, ಕೂತರೆ ಇಳಿಯುತ್ತದೆ. ಇದು ಉಲ್ಟಾ. ಎದ್ದಾಗ ಬಿಗಿ, ಕೈ ಆಡಿಸಿದ ಮೇಲೆ ಸಡಿಲ. ಬೆರಳ ಬುಡದ ಗಂಟುಗಳೂ ಊದಿದ್ದರೆ ನನ್ನ ಅನುಮಾನ ರುಮಟಾಯ್ಡ್ ಸಂಧಿವಾತದ ಮೇಲೆ. ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂತು ಅಂತ ಸುಮ್ನಿರುವ ಹಾಗಿಲ್ಲ. ಕಾಯಿಲೆ ಇದ್ದೂ ನೆಗೆಟಿವ್ ಬರುವವರಿದ್ದಾರೆ.

ಇದು ಆಟೋಇಮ್ಯೂನ್ ಕಾಯಿಲೆ. ಸೋಂಕಿನ ಮೇಲೆ ಬೀಳಬೇಕಾದ ರೋಗನಿರೋಧಕ ಶಕ್ತಿ ನಮ್ಮ ಮೈಮೇಲೇ ಬೀಳುತ್ತದೆ. ಇಂಥ ಕಾಯಿಲೆಯವರಲ್ಲಿ 5ಕ್ಕೆ ಸುಮಾರು 4 ಮಂದಿ ಹೆಂಗಸರು. ರುಮಟಾಯ್ಡ್‌ನಲ್ಲಿ ಒಬ್ಬ ಗಂಡಸಿಗೆ 2-3 ಹೆಂಗಸರು, ಹೆರುವ ವಯಸ್ಸಿನಲ್ಲಿ ಬರುವ, ಚರ್ಮ-ಗಂಟು-ಕಿಡ್ನಿಗಳ ಮೇಲೆ ಬೀಳುವ ಲೂಪಸ್‌ನಲ್ಲಿ ಸುಮಾರು 9.

ಹಾರ್ಮೋನಿನ ಕೈವಾಡ ಇದ್ದೇ ಇದೆ. ಬಸಿರಲ್ಲಿ ರುಮಟಾಯ್ಡ್ ಎಷ್ಟೋ ಜನರಿಗೆ ತಗ್ಗುತ್ತದೆ, ಹೆರಿಗೆಯಾದ ಮೇಲೆ ಕೆರಳುತ್ತದೆ. ಬಾಣಂತಿಗೆ ಶೀತ ಆಗಿದೆ ಅಂತ ಅದನ್ನೂ ಬಿಟ್ಟುಬಿಡುತ್ತಾರೆ. ಆದರೆ ಹಾರ್ಮೋನ್ ಒಂದೇ ಕಾರಣವಲ್ಲ. ಹೆಣ್ಣಿಗೆ 2 ಎಕ್ಸ್ ಕ್ರೋಮೋಸೋಮ್, ಗಂಡಿಗೆ ಒಂದೇ. ಪ್ರತಿ ಜೀವಕೋಶವೂ ಅದರಲ್ಲೊಂದನ್ನು ಮುಚ್ಚಿಡುತ್ತದೆ, ಆದರೆ ಪೂರ್ತಿ ಅಲ್ಲ. ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಟಿಎಲ್‌ಆರ್7ನಂಥ ಜೀನ್ ಕೆಲವು ಕೋಶಗಳಲ್ಲಿ ಎರಡೂ ಕಡೆಯಿಂದ ಕೆಲಸ ಮಾಡುತ್ತದೆ. ಮುಚ್ಚುವ ಕೆಲಸ ಮಾಡುವ ಎಕ್ಸಿಸ್ಟ್ ಎಂಬ ಆರ್‌ಎನ್‌ಎ ಕೂಡ ಈ ಕಾಯಿಲೆಗೆ ಕುಮ್ಮಕ್ಕು ಕೊಡಬಹುದು ಅಂತ ಸ್ಟ್ಯಾನ್‌ಫರ್ಡ್‌ನವರು 2024ರಲ್ಲಿ ತೋರಿಸಿದರು. ನನ್ನನ್ನು ಹೆಚ್ಚು ಒಪ್ಪಿಸುವ ಸಾಕ್ಷಿ ಬೇರೆ. ಹುಟ್ಟಿನಿಂದಲೇ ಒಂದು ಎಕ್ಸ್ ಜಾಸ್ತಿ ಇರುವ ಗಂಡಸರಿಗೂ ಲೂಪಸ್ ಅಪಾಯ ಹೆಚ್ಚುಕಮ್ಮಿ ಹೆಂಗಸರಷ್ಟೇ!

ಹಾಗಂತ ಗಂಡಸರು ನಿರಾಳವಾಗಿರುವಂತಿಲ್ಲ. ಲೂಪಸ್ ಅವರಿಗೆ ಬರುವುದು ಅಪರೂಪ, ಬಂದರೆ ಕಿಡ್ನಿಗೆ ಪೆಟ್ಟು ಜಾಸ್ತಿ. ತೋಟದ ಜೀಪು ಓಡಿಸುವ 25ರ ಹುಡುಗನ ಸೊಂಟ ನೋವಿಗೆ ಎಲ್ಲರೂ ಜೀಪನ್ನೇ ಬೈಯುತ್ತಾರೆ. 3 ತಿಂಗಳಾದರೂ ಹೋಗಿಲ್ಲ, ಬೆಳಗಿನ ಜಾವ ನೋವಿಗೆ ಎಚ್ಚರವಾಗುತ್ತದೆ, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಹಗುರ ಅಂದರೆ, ಅದು ಬೆನ್ನುಮೂಳೆಯ ಗಂಟುಗಳಲ್ಲಿ ಉರಿಯೂತ ತರುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಬೇಕಾದೀತು. ಇದು ಗಂಡಸರಿಗೇ ಹೆಚ್ಚು. ಹೆಂಗಸರಿಗೂ ಬರುತ್ತದೆ, ಆದರೆ ಪತ್ತೆಯಾಗುವುದು ಇನ್ನೂ ತಡ. ಗಂಡಸರ ಕಾಯಿಲೆ ಅಂತಲೇ ನಾವು ಡಾಕ್ಟರುಗಳು ಓದಿಕೊಂಡು ಬಂದಿದ್ದೇವೆ, ಅಲ್ವಾ?