ಮಾಲೀಕ ಬೇರೆ, ಕಂಪನಿ ಬೇರೆ, ಬ್ರ್ಯಾಂಡ್ ಬೇರೆ: ಮರ್ಜರ್-ಅಕ್ವಿಸಿಷನ್ ನೋಟ್ಸ್

ಮರ್ಜರ್ ಅಂದ್ರೆ ಕಂಪನಿಗಳು ಸೇರಿ ಒಂದಾಗೋದು, ಅಕ್ವಿಸಿಷನ್ ಅಂದ್ರೆ ಒಂದನ್ನ ಇನ್ನೊಬ್ರು ಕೊಳ್ಳೋದು. ಈ ಚಾಪ್ಟರ್ ಓದೋಕೆ ಕೂತ್ರೆ ಮೊದಲ ಎರಡು ಪೇಜಲ್ಲೇ ಡೆಫಿನಿಷನ್ ಸುರಿಮಳೆ. ಹಾರಿಜಾಂಟಲ್, ವರ್ಟಿಕಲ್, ಕಾಂಗ್ಲಾಮರೇಟ್ ಅಂತ ಎಲ್ಲಾ ಬಾಯಿಪಾಠ ಮಾಡಿರ್ತೀವಿ, ಆದ್ರೆ ಒಂದು ನಿಜವಾದ ಡೀಲ್ ಮುಂದಿಟ್ಟು ಇಲ್ಲಿ ಏನಾಯ್ತು ಹೇಳಪ್ಪ ಅಂದ್ರೆ ತಬ್ಬಿಬ್ಬು. ನಂದೂ ಅದೇ ಕಥೆ ಆಗಿತ್ತು. ನನಗೆ ಇದು ತಲೆಗೆ ಹತ್ತಿದ್ದು ಮನೇಲಿದ್ದ ಎರಡು ವಸ್ತುಗಳಿಂದ, ಒಂದು ಅಡುಗೆಮನೆ ಶೆಲ್ಫಲ್ಲಿದ್ದ ಎಂಟಿಆರ್ ಪುಳಿಯೋಗರೆ ಪುಡಿ ಪ್ಯಾಕೆಟ್, ಇನ್ನೊಂದು ಬೀರುವಲ್ಲಿದ್ದ ತಾತನ ವಿಜಯಾ ಬ್ಯಾಂಕ್ ಪಾಸ್‌ಬುಕ್.

ನೋಡಿ, ಎಂಟಿಆರ್ ಪ್ಯಾಕೆಟ್ ಮೇಲೆ ಹೆಸರು ಹಂಗೇ ಇದೆ, ಆದ್ರೆ ಮಾಲೀಕರು 2007ರಿಂದ ನಾರ್ವೆಯವ್ರು. ವಿಜಯಾ ಬ್ಯಾಂಕ್ ಬೋರ್ಡೇ ಕಾಣೆಯಾಗಿದೆ, ಆದ್ರೆ ದೊಡ್ಡ ಮಾಲೀಕ ಅವತ್ತೂ ಕೇಂದ್ರ ಸರ್ಕಾರ, ಇವತ್ತೂ ಕೇಂದ್ರ ಸರ್ಕಾರ. ನಾವು ಮಾತ್ರ ಮೊದಲನೇದು ನಮ್ದೇ ಕಂಪನಿ ಅಂತ ತಿನ್ಕೊಂಡಿದ್ದೀವಿ, ಎರಡನೇದು ಕೈಬಿಟ್ಟು ಹೋಯ್ತು ಅಂತ ಬೇಜಾರ್ ಮಾಡ್ಕೊಂಡಿದ್ದೀವಿ. ಅದಕ್ಕೇ ಯಾವ ಡೀಲ್ ಬಂದ್ರೂ ನಾನು ಈಗ ಮೂರನ್ನ ಬೇರೆ ಬೇರೆ ಬರ್ಕೋತೀನಿ: ಮಾಲೀಕ ಬದಲಾದನಾ, ಕಾನೂನಿನ ಕಣ್ಣಲ್ಲಿ ಕಂಪನಿ ಉಳೀತಾ, ಬ್ರ್ಯಾಂಡ್ ಉಳೀತಾ. ಈ ಮೂರಕ್ಕೆ ಉತ್ತರ ಸಿಕ್ರೆ ಅದು ಅಕ್ವಿಸಿಷನ್ನೋ ಮರ್ಜರೋ ಅನ್ನೋದು ತಾನಾಗೇ ಗೊತ್ತಾಗುತ್ತೆ.

ಎಂಟಿಆರ್‌ದು ಸುಲಭ ಕೇಸ್, ಅಲ್ಲಿಂದ ಶುರು ಮಾಡೋಣ. 1924ರಲ್ಲಿ ಬೆಂಗಳೂರಲ್ಲಿ ಮಯ್ಯ ಕುಟುಂಬದವ್ರು ಹೋಟೆಲ್ ಶುರು ಮಾಡಿದ್ರು, ಅದು ಮಾವಳ್ಳಿ ಟಿಫಿನ್ ರೂಮ್ಸ್ ಆಯ್ತು, ಎಮರ್ಜೆನ್ಸಿ ಕಾಲದಲ್ಲಿ ತಿಂಡಿ ರೇಟನ್ನ ಸರ್ಕಾರ ಕಟ್ಟಿಹಾಕಿದಾಗ ಹೋಟೆಲ್ ನಡ್ಸೋದೇ ಕಷ್ಟ ಆಗಿ ರವೆ ಇಡ್ಲಿ ಮಿಕ್ಸು ಮಸಾಲೆ ಪುಡಿಗಳ ಕಡೆ ಹೊರಳಿದ್ರು. ಮುಂದೆ ಪ್ಯಾಕೆಟ್ ವ್ಯಾಪಾರ ಎಂಟಿಆರ್ ಫುಡ್ಸ್ ಅಂತ ಬೇರೆ ಕಂಪನಿ, ಹೋಟೆಲ್ ಬೇರೆ. 2007ರಲ್ಲಿ ನಾರ್ವೆಯ ಓರ್ಕ್ಲಾ ತಗೊಂಡಿದ್ದು ಎಂಟಿಆರ್ ಫುಡ್ಸ್ ಮಾತ್ರ, ಸುಮಾರು 8 ಕೋಟಿ ಡಾಲರ್‌ಗೆ. ಲಾಲ್‌ಬಾಗ್ ರೋಡಿನ ಹೋಟೆಲ್ ಮಯ್ಯ ಕುಟುಂಬದಲ್ಲೇ ಉಳೀತು. ಅಂದ್ರೆ ಇವತ್ತು ಎಂಟಿಆರ್ ಅನ್ನೋ ಮೂರಕ್ಷರಕ್ಕೆ ಎರಡು ಮನೆ: ದೋಸೆಗೆ ಕ್ಯೂ ನಿಲ್ಲೋದು ಒಂದು ಮನೆ ಮುಂದೆ, ಅಂಗಡೀಲಿ ಪ್ಯಾಕೆಟ್ ತಗೊಳೋದು ಇನ್ನೊಂದು ಮನೇದು. ಫುಡ್ಸ್ ಮಾರಿದ ಸದಾನಂದ ಮಯ್ಯ ಅವ್ರು ಆಮೇಲೆ ಮಯ್ಯಾಸ್ ಅಂತ ಹೊಸ ಬ್ರ್ಯಾಂಡ್ ಕಟ್ಟಿದ್ರು. ಇಲ್ಲಿ ನಾನ್-ಕಂಪೀಟ್ ಅನ್ನೋ ಪದ ನೆನಪಿಟ್ಕೊಳ್ಳಿ. ಮಾರಿದವನು ನಾಳೆನೇ ಪಕ್ಕದಲ್ಲಿ ಅದೇ ಅಂಗಡಿ ಹಾಕಿದ್ರೆ ಕೊಂಡವನು ಕೊಟ್ಟ ದುಡ್ಡಿಗೆ ಅರ್ಥ ಏನು, ಅದಕ್ಕೇ ಇಷ್ಟು ವರ್ಷ ಇದೇ ವ್ಯಾಪಾರ ಮಾಡಲ್ಲ ಅಂತ ಮಾರೋರ ಹತ್ರ ಬರೆಸ್ಕೊಳೋದು. 2010ರಲ್ಲಿ ಪಿರಾಮಲ್‌ನವ್ರು ತಮ್ಮ ದೇಶೀ ಔಷಧಿ ವ್ಯಾಪಾರವನ್ನ ಅಬಾಟ್‌ಗೆ 372 ಕೋಟಿ ಡಾಲರ್‌ಗೆ ಮಾರಿದಾಗ್ಲೂ ಇಂಥ ಷರತ್ತಿತ್ತು.

ಈಗ ಬ್ಯಾಂಕು. 1931ರಲ್ಲಿ ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 1980ರಲ್ಲಿ ರಾಷ್ಟ್ರೀಕರಣ ಆಯ್ತು. 2019ರ ಏಪ್ರಿಲ್ 1ಕ್ಕೆ ಅದೂ ದೇನಾ ಬ್ಯಾಂಕೂ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿದ್ವು. ಅದಕ್ಕೂ ಮುಂಚೆ 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಪಾಲಾಗಿತ್ತು, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಹೋದ್ವು. ಮೂರು ಸಲಾನೂ ಏಪ್ರಿಲ್ 1, ಹಣಕಾಸು ವರ್ಷದ ಮೊದಲ ದಿನ, ಲೆಕ್ಕಪತ್ರಕ್ಕೆ ಅನುಕೂಲ ಅಂತ. ಹಳೇ ದಕ್ಷಿಣ ಕನ್ನಡ ಜಿಲ್ಲೆ ಕೊಟ್ಟ ನಾಲ್ಕು ಸರ್ಕಾರಿ ಬ್ಯಾಂಕುಗಳಲ್ಲಿ ಹೆಸರು ಉಳಿದಿದ್ದು ಕೆನರಾ ಒಂದಕ್ಕೇ. ಉಡುಪಿಯಲ್ಲಿ ಮನೆಮನೆಗೆ ಹೋಗಿ ಪಿಗ್ಮಿ ಕಲೆಕ್ಟ್ ಮಾಡಿ ಬೆಳೆದ ಸಿಂಡಿಕೇಟ್ ಹೆಸರು ಹೋಗಿದ್ದು ಆ ಕಡೆಯವ್ರಿಗೆ ಇನ್ನೂ ನೋವು, ನಂಗೂ ಅದು ಅರ್ಥ ಆಗುತ್ತೆ. ಆದ್ರೆ ಉತ್ತರ ಪತ್ರಿಕೇಲಿ ನೋವಿಗೆ ಮಾರ್ಕ್ಸ್ ಇಲ್ಲ. ಬರೀಬೇಕಾದ್ದು ಇಷ್ಟು: ದೊಡ್ಡ ಮಾಲೀಕ ಬದಲಾಗ್ಲಿಲ್ಲ, ಕಂಪನಿ ಇಲ್ಲವಾಯ್ತು, ಬ್ರ್ಯಾಂಡೂ ಇಲ್ಲವಾಯ್ತು. ಇದು ಪಕ್ಕಾ ಮರ್ಜರ್, ಅದ್ರಲ್ಲೂ ಅಬ್ಸಾರ್ಪ್ಷನ್, ಅಂದ್ರೆ ಒಂದು ಇನ್ನೊಂದರ ಒಳಗೆ ಕರಗಿ ಹೋಗೋದು.

ಬ್ಯಾಂಕ್ ಕೇಸಲ್ಲಿ ಲೆಕ್ಕ ಕೇಳೋದು ಸ್ವಾಪ್ ರೇಶಿಯೋ ಮೇಲೆ. ಕರಗೋ ಕಂಪನಿಯ ಷೇರು ಇಟ್ಕೊಂಡಿರೋರಿಗೆ ದುಡ್ಡು ಕೊಡಲ್ಲ, ಬದಲಿಗೆ ಉಳಿಯೋ ಕಂಪನಿಯ ಷೇರು ಕೊಡ್ತಾರೆ. ವಿಜಯಾ ಬ್ಯಾಂಕಿನ 1000 ಷೇರಿಗೆ ಬರೋಡಾದ 402 ಷೇರು, ದೇನಾದ 1000ಕ್ಕೆ ಬರೀ 110. ಈಗ ನಿಮ್ಮ ಹತ್ರ ವಿಜಯಾದ 150 ಷೇರಿತ್ತು ಅನ್ಕೊಳ್ಳಿ. 150 ಗುಣಿಸು 402, ಭಾಗಿಸು 1000, ಅಂದ್ರೆ 60.3. ಅರವತ್ತು ಷೇರು ಡಿಮ್ಯಾಟ್‌ಗೆ (ಷೇರು ಇಡೋ ಖಾತೆಗೆ) ಬರುತ್ತೆ, ಆ 0.3 ಇದ್ಯಲ್ಲ, ಅದು ಚೂರು, ಅದನ್ನ ಷೇರಾಗಿ ಕೊಡೋಕಾಗಲ್ಲ, ಹಾಗಾಗಿ ಎಲ್ಲರ ಚೂರನ್ನೂ ಒಟ್ಟುಗೂಡಿಸಿ ಮಾರಿ ಅವರವರ ಪಾಲಿನ ದುಡ್ಡು ಕೊಡ್ತಾರೆ. ಪರೀಕ್ಷೇಲಿ ಸುಮಾರು ಜನ 60.3 ಷೇರು ಅಂತಾನೇ ಬರೆದು ಮುಂದೆ ಹೋಗಿಬಿಡ್ತಾರೆ, ಅಲ್ಲಿ ಒಂದು ಮಾರ್ಕ್ ಹೋಯ್ತು ಅಂತಾನೇ.

ಇನ್ನೊಂದು ತಪ್ಪು ಕಲ್ಪನೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ 10 ಷೇರಿಗೆ ಎಸ್‌ಬಿಐನ 22 ಷೇರು ಕೊಟ್ರು. ಅಯ್ಯೋ ಡಬಲ್‌ಗಿಂತ ಜಾಸ್ತಿ, ಅವ್ರು ಲಾಭ ಮಾಡ್ಕೊಂಡ್ರು, ವಿಜಯಾದವ್ರು ಮುಳುಗಿದ್ರು ಅಂತ ನಮ್ಮ ಗುಂಪಲ್ಲೇ ಒಬ್ಬ ವಾದ ಮಾಡ್ತಿದ್ದ. ಹಂಗಲ್ಲ ಮಾರಾಯ. ನೂರರ ಒಂದು ನೋಟು ಕೊಟ್ಟು ಐವತ್ತರ ಎರಡು ತಗೊಂಡ್ರೆ ಶ್ರೀಮಂತ ಆಗ್ತೀಯಾ? ಪ್ರತಿ ಷೇರಿನ ಬೆಲೆ ಎಷ್ಟು ಅನ್ನೋದ್ರ ಮೇಲೆ ರೇಶಿಯೋ ನಿಲ್ಲುತ್ತೆ, ಬರೀ ಸಂಖ್ಯೆ ನೋಡಿ ಏನೂ ಹೇಳೋಕಾಗಲ್ಲ. ರೇಶಿಯೋ ಗಟ್ಟಿಯಾ ಸೊಟ್ಟಾ ಅಂತ ನೋಡ್ಬೇಕಂದ್ರೆ ಎರಡೂ ಷೇರಿನ ಬೆಲೆ, ಬುಕ್ ವ್ಯಾಲ್ಯೂ (ಲೆಕ್ಕಪುಸ್ತಕದಲ್ಲಿರೋ ಬೆಲೆ), ಕೆಟ್ಟ ಸಾಲ ಎಲ್ಲಾ ಪಕ್ಕಪಕ್ಕ ಇಡ್ಬೇಕು.

ಕಾನೂನಿನ ದಾರೀನೂ ಒಂದೇ ಅಲ್ಲ, ಇಲ್ಲಿ ತುಂಬಾ ಜನ ಎಡವ್ತಾರೆ. ಮಾಮೂಲಿ ಕಂಪನಿಗಳ ಮರ್ಜರ್ 2013ರ ಕಂಪನಿ ಕಾಯ್ದೆಯ ಸೆಕ್ಷನ್ 230ರಿಂದ 232ರ ಪ್ರಕಾರ ಎನ್‌ಸಿಎಲ್‌ಟಿ, ಅಂದ್ರೆ ಕಂಪನಿ ಕೇಸು ನೋಡೋ ನ್ಯಾಯಮಂಡಳಿ ಮುಂದೆ ಹೋಗುತ್ತೆ. ರಾಷ್ಟ್ರೀಕೃತ ಬ್ಯಾಂಕುಗಳದ್ದು 1970 ಮತ್ತು 1980ರ ಬ್ಯಾಂಕ್ ಸ್ವಾಧೀನ ಕಾಯ್ದೆಗಳ ಸೆಕ್ಷನ್ 9ರಲ್ಲಿ ಕೇಂದ್ರ ಸರ್ಕಾರವೇ ಸ್ಕೀಮ್ ಹೊರಡಿಸುತ್ತೆ. ಪ್ರೈವೇಟ್ ಬ್ಯಾಂಕ್ ಆದ್ರೆ ಬ್ಯಾಂಕಿಂಗ್ ರೆಗ್ಯುಲೇಷನ್ ಕಾಯ್ದೆಯ 44ಎ, ಅಲ್ಲಿ ಒಪ್ಪಿಗೆ ಕೊಡೋದು ಆರ್‌ಬಿಐ. ಬೆಂಗಳೂರಿನ ವೈಶ್ಯ ಬ್ಯಾಂಕ್ ಮೊದಲು ಐಎನ್‌ಜಿ ವೈಶ್ಯ ಆಗಿ, 2015ರಲ್ಲಿ ಕೋಟಕ್ ಮಹೀಂದ್ರದಲ್ಲಿ ಸೇರಿದ್ದು ಈ ದಾರೀಲಿ.

ಸರಿ, ಈಗ ನಂಗೆ ತುಂಬಾ ಇಷ್ಟವಾದ ಕೇಸು, ಏರ್ ಡೆಕ್ಕನ್. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರು ಮಾಡಿದ ಕಮ್ಮಿ ರೇಟಿನ ವಿಮಾನ. 2007ರಲ್ಲಿ ಮಲ್ಯರ ಯುಬಿ ಗ್ರೂಪ್ 550 ಕೋಟಿ ಕೊಟ್ಟು 26% ತಗೊಳ್ತು. ಆಮೇಲೆ ಮರ್ಜರ್ ಆಯ್ತಲ್ಲ, ಅದ್ರಲ್ಲಿ ಯಾರು ಯಾರೊಳಗೆ ಸೇರಿದ್ರು ಅಂತ ಕೇಳಿದ್ರೆ ಹತ್ತರಲ್ಲಿ ಒಂಬತ್ತು ಜನ ಡೆಕ್ಕನ್ ಕಿಂಗ್‌ಫಿಷರ್ ಒಳಗೆ ಅಂತಾರೆ. ಉಲ್ಟಾ! ಕಿಂಗ್‌ಫಿಷರ್‌ನ ವಿಮಾನ ವ್ಯಾಪಾರ ಹೋಗಿ ಡೆಕ್ಕನ್ ಏವಿಯೇಷನ್ ಒಳಗೆ ಸೇರ್ತು, ಆಮೇಲೆ ಆ ಡೆಕ್ಕನ್ ಏವಿಯೇಷನ್‌ಗೇ ಕಿಂಗ್‌ಫಿಷರ್ ಏರ್‌ಲೈನ್ಸ್ ಅಂತ ಹೆಸರಿಟ್ರು. ಯಾಕೆ ಈ ಸರ್ಕಸ್ಸು? ಆಗ ಒಂದು ರೂಲ್ ಇತ್ತು, ದೇಶದೊಳಗೆ ಐದು ವರ್ಷ ಹಾರಾಡಿ 20 ವಿಮಾನ ಇಟ್ಕೊಂಡಿದ್ರೆ ಮಾತ್ರ ವಿದೇಶಕ್ಕೆ ಹಾರೋ ಪರ್ಮಿಷನ್. ಕಿಂಗ್‌ಫಿಷರ್ ಶುರುವಾಗಿದ್ದು 2005ರಲ್ಲಿ, ಅಂದ್ರೆ 2010ರವರೆಗೆ ಕಾಯ್ಬೇಕು. ಡೆಕ್ಕನ್‌ಗೆ 2008ಕ್ಕೇ ಐದು ವರ್ಷ ತುಂಬ್ತಿತ್ತು. ಜೊತೆಗೆ ಡೆಕ್ಕನ್ ಆಗ್ಲೇ ಷೇರುಪೇಟೇಲಿ ಲಿಸ್ಟ್ ಆಗಿತ್ತು, ಅದೂ ಪುಕ್ಕಟೆ ಸಿಕ್ತು. 2008ರ ಸೆಪ್ಟೆಂಬರಲ್ಲಿ ಬೆಂಗಳೂರಿಂದ ಲಂಡನ್‌ಗೆ ಕಿಂಗ್‌ಫಿಷರ್ ಹಾರಿದ್ದು ಒಂಥರಾ ಡೆಕ್ಕನ್‌ನ ಬರ್ತ್ ಸರ್ಟಿಫಿಕೇಟ್ ಮೇಲೆ. ಇದನ್ನ ರಿವರ್ಸ್ ಮರ್ಜರ್ ಅಂತಾರೆ. ನಮ್ಮ ಮೂರು ಪ್ರಶ್ನೆಗೆ ಉತ್ತರ: ಮಾಲೀಕ ಬದಲಾದ, ಕಂಪನಿ ಉಳೀತು, ಬ್ರ್ಯಾಂಡ್ ಹೋಯ್ತು, ಎಂಟಿಆರ್‌ಗೂ ಇದಕ್ಕೂ ವ್ಯತ್ಯಾಸ ಆ ಕೊನೇದ್ರಲ್ಲೇ ಇದೆ. 2012ರಲ್ಲಿ ಕಿಂಗ್‌ಫಿಷರ್ ಹಾರಾಟ ನಿಂತೋಯ್ತು, ಅದು ಬೇರೆ ಚಾಪ್ಟರು.

ಹಾರ್ಲಿಕ್ಸ್ ಕೇಸಲ್ಲಿ ಬ್ರ್ಯಾಂಡ್ ಅನ್ನೋದು ಕಂಪನಿಯಿಂದ ಹೊರಗೂ ಇರಬಹುದು ಅಂತ ಗೊತ್ತಾಗುತ್ತೆ. ಇಲ್ಲಿ ಹಾರ್ಲಿಕ್ಸ್ ಮಾಡಿ ಮಾರ್ತಿದ್ದಿದ್ದು ಗ್ಲಾಕ್ಸೋಸ್ಮಿತ್‌ಕ್ಲೈನ್ ಕನ್ಸ್ಯೂಮರ್, ಅದು ಹಿಂದೂಸ್ತಾನ್ ಯೂನಿಲಿವರ್ ಜೊತೆ ಸೇರುತ್ತೆ ಅಂತ 2018ರ ಡಿಸೆಂಬರಲ್ಲಿ ಅನೌನ್ಸ್ ಆಯ್ತು, ಲೆಕ್ಕ 31,700 ಕೋಟಿ, ಒಂದು ಷೇರಿಗೆ ಯೂನಿಲಿವರ್‌ನ 4.39 ಷೇರು. 2020ರ ಏಪ್ರಿಲ್ 1ಕ್ಕೆ ಮುಗೀತು. ಇಷ್ಟೆಲ್ಲಾ ಆದ್ಮೇಲೂ ಹಾರ್ಲಿಕ್ಸ್ ಅನ್ನೋ ಹೆಸರು ಬರ್ಲಿಲ್ಲ, ಯಾಕಂದ್ರೆ ಅದ್ರ ಹಕ್ಕು ಇದ್ದಿದ್ದು ಲಂಡನ್ನಿನ ಮಾತೃಸಂಸ್ಥೆ ಹತ್ರ. ಇಂಡಿಯಾಗೆ ಮಾತ್ರ ಆ ಹೆಸರನ್ನ ಬೇರೆಯಾಗಿ ಸುಮಾರು 3,045 ಕೋಟಿ ಕೊಟ್ಟು ತಗೊಂಡ್ರು. ಬೂಸ್ಟ್ ಇಲ್ಲಿನ ಕಂಪನೀದೇ ಆಗಿದ್ರಿಂದ ಮರ್ಜರ್ ಜೊತೆಗೇ ಬಂತು. ಇನ್ನು ಈನೋ, ಸೆನ್ಸೊಡೈನ್ ಥರದವು ಆಗ ಬಂದಿದ್ದು ಬರೀ ಡಿಸ್ಟ್ರಿಬ್ಯೂಷನ್‌ಗೆ, ಹಂಚ್ತಿದ್ದೋರು ಇವ್ರು, ಮಾಲು ಅವ್ರದ್ದು. ಒಂದೇ ಡೀಲಲ್ಲಿ ಮೂರು ಥರ ಸಂಬಂಧ, ನೋಡಿದ್ರಾ.

ಥಮ್ಸ್ ಅಪ್‌ದು ಇದಕ್ಕೆ ತದ್ವಿರುದ್ಧ, ಅಲ್ಲಿ ಮಾರಿದ್ದೇ ಬ್ರ್ಯಾಂಡು. 1977ರಲ್ಲಿ ಕೋಕಾ-ಕೋಲಾ ದೇಶ ಬಿಟ್ಟು ಹೋದಾಗ ಪಾರ್ಲೆಯ ಚೌಹಾಣರು ತಂದ ಡ್ರಿಂಕ್ ಅದು. 1993ರಲ್ಲಿ ಕೋಕ್ ವಾಪಸ್ ಬಂದು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಮಾಜಾ ಎಲ್ಲಾ ಕೊಂಡ್ಕೊಳ್ತು. ಗೋಲ್ಡ್ ಸ್ಪಾಟ್‌ನ ಫ್ಯಾಂಟಾಗೋಸ್ಕರ ಮುಗಿಸಿಬಿಟ್ರು, ಥಮ್ಸ್ ಅಪ್ ಮಾತ್ರ ಜನ ಬಿಡ್ಲಿಲ್ಲ, ಕೋಕ್‌ಗೇ ಸವಾಲಾಗಿ ಉಳ್ಕೊಳ್ತು. ಬಿಸ್ಲೇರಿ ರಮೇಶ್ ಚೌಹಾಣ್ ಹತ್ರಾನೇ ಇತ್ತು, ಅದನ್ನ ಟಾಟಾದವ್ರು ತಗೊಳೋ ಮಾತುಕತೆ 2023ರಲ್ಲಿ ಮುರಿದುಬಿತ್ತು. ಆಮೇಲೆ ಪಾರ್ಲೆ-ಜಿ ಬಿಸ್ಕತ್ತೂ ಕೋಕ್‌ಗೆ ಹೋಯ್ತು ಅಂತ ಬರೀಬೇಡಿ ದಯವಿಟ್ಟು, ಮೂಲ ಕುಟುಂಬ ಒಂದೇ ಆದ್ರೂ ಕಂಪನಿ ಬೇರೆ.

ಕೊನೇದು ಮೈಂಡ್‌ಟ್ರೀ, ಇದ್ರಲ್ಲಿ ಷೇರುಪೇಟೆ ನಿಯಂತ್ರಿಸೋ ಸೆಬಿಯ ರೂಲ್ಸ್ ಪೂರ್ತಿ ಬರುತ್ತೆ ಅದಕ್ಕೆ ನಿಧಾನಕ್ಕೆ ಓದಿ. ಬೆಂಗಳೂರಿನ ಐಟಿ ಕಂಪನಿ, 1999ರದ್ದು. ಸ್ಥಾಪಕರ ಹತ್ರ ಇದ್ದಿದ್ದು ಬರೀ ಹದಿಮೂರು ಪರ್ಸೆಂಟ್ ಆಸುಪಾಸು, ಅವರಿಗಿಂತ ಜಾಸ್ತಿ ಕಾಫಿ ಡೇ ಸಿದ್ಧಾರ್ಥ ಅವರ ಹತ್ರ ಇತ್ತು, 20.32%. 2019ರ ಮಾರ್ಚಲ್ಲಿ ಅವ್ರು ಷೇರಿಗೆ 980 ರೂಪಾಯಿಯಂತೆ ಅಷ್ಟನ್ನೂ ಎಲ್&ಟಿಗೆ ಮಾರಿದ್ರು, ಸುಮಾರು 3,269 ಕೋಟಿ. ಸೆಬಿಯ 2011ರ ಟೇಕೋವರ್ ನಿಯಮದಲ್ಲಿ 25% ಒಂದು ಗೆರೆ, ಅದನ್ನ ದಾಟಿದವನು ಉಳಿದ ಷೇರುದಾರರಿಗೂ ಕನಿಷ್ಠ 26%ಗೆ ಓಪನ್ ಆಫರ್ (ನಿಮ್ಮ ಷೇರನ್ನೂ ಕೊಳ್ತೀನಿ ಅನ್ನೋ ಬಹಿರಂಗ ಆಫರ್) ಕೊಡ್ಲೇಬೇಕು. 20.32 ಅಂದ್ರೆ ಗೆರೆಯ ಈಚೆಗೇ ಇತ್ತು, ಆದ್ರೆ ಜೊತೆಗೇ ಮಾರ್ಕೆಟಲ್ಲಿ ಇನ್ನೂ 15% ಕೊಳ್ಳೋಕೆ ಬ್ರೋಕರ್‌ಗೆ ಆರ್ಡರ್ ಹಾಕಿದ್ರು, ಗೆರೆ ದಾಟ್ತು, 31%ಗೆ ಓಪನ್ ಆಫರ್ ಬಂತು. ಸ್ಥಾಪಕರು ಬೇಡ ಬೇಡ ಅಂದ್ರು, ಆದ್ರೆ ಮಾರ್ಕೆಟಲ್ಲಿರೋ ಷೇರನ್ನ ಮಾರ್ಬೇಡಿ ಅಂತ ಯಾರಿಗೆ ಹೇಳೋಕಾಗುತ್ತೆ? ಜೂನ್ ಮುಗಿಯೋಷ್ಟರಲ್ಲಿ ಎಲ್&ಟಿ ಕೈಲಿ 60% ಇತ್ತು, ಜುಲೈಲಿ ಮೇಲಿನ ಮೂವರು ಸ್ಥಾಪಕರು ರಾಜೀನಾಮೆ ಕೊಟ್ರು. ಹಾಸ್ಟೈಲ್ ಟೇಕೋವರ್ ಅಂದ್ರೆ ಗಲಾಟೆ ಗದ್ದಲ ಅಲ್ಲ, ಮ್ಯಾನೇಜ್ಮೆಂಟ್ ಒಪ್ಪದಿದ್ರೂ ಷೇರುದಾರರು ಒಪ್ಪಿದ್ರೆ ಸಾಕು ಅನ್ನೋದು, ಅಷ್ಟೇ.

ಗಮನಿಸಿ, 2019ರಲ್ಲಿ ಆಗಿದ್ದು ಅಕ್ವಿಸಿಷನ್, ಮರ್ಜರ್ ಅಲ್ಲ. ಕಂಪನೀನೂ ಇತ್ತು, ಹೆಸರೂ ಇತ್ತು. 2022ರ ನವೆಂಬರಲ್ಲಿ ಎಲ್&ಟಿಯದ್ದೇ ಇನ್ನೊಂದು ಕಂಪನಿ ಎಲ್‌ಟಿಐ ಒಳಗೆ ಅದು ಸೇರಿದಾಗ ಮರ್ಜರ್ ಆಯ್ತು, ಮೈಂಡ್‌ಟ್ರೀಯ 100 ಷೇರಿಗೆ ಎಲ್‌ಟಿಐನ 73, ಹೊಸ ಹೆಸರು ಎಲ್‌ಟಿಐಮೈಂಡ್‌ಟ್ರೀ. ಎರಡೂ ಒಬ್ಬನೇ ಯಜಮಾನನ ಕೈಲಿ ಇದ್ದಿದ್ರಿಂದ ಅಕೌಂಟಿಂಗಲ್ಲಿ ಇದು ಕಾಮನ್ ಕಂಟ್ರೋಲ್, ಅಂದ್ರೆ ಇಂಡ್ ಎಎಸ್ 103 ಅನ್ನೋ ಲೆಕ್ಕಪತ್ರ ನಿಯಮದಲ್ಲಿ ಪೂಲಿಂಗ್ ಮೆಥಡ್: ಆಸ್ತಿ ಸಾಲ ಎಲ್ಲಾ ಹಳೇ ಬುಕ್ ವ್ಯಾಲ್ಯೂನಲ್ಲೇ ತಗೊಳೋದು, ಹೊಸ ಗುಡ್‌ವಿಲ್ (ಆಸ್ತಿ ಬೆಲೆಗಿಂತ ಜಾಸ್ತಿ ಕೊಟ್ಟ ದುಡ್ಡು) ಹುಟ್ಟಲ್ಲ. ಹಾರ್ಲಿಕ್ಸ್ ಥರ ಹೊರಗಿನವ್ರನ್ನ ಕೊಂಡ್ರೆ ಅಕ್ವಿಸಿಷನ್ ಮೆಥಡ್: ಇವತ್ತಿನ ಬೆಲೆ ಕಟ್ಟಿ, ಆಸ್ತಿಯಲ್ಲಿ ಸಾಲ ಕಳೆದು ಬಂದಿದ್ದು 60 ಕೋಟಿ, ಕೊಟ್ಟಿದ್ದು 100 ಕೋಟಿ ಅಂದ್ರೆ ಮಿಕ್ಕ 40 ಗುಡ್‌ವಿಲ್. ಆ ಅರವತ್ತರಲ್ಲಿ ಬ್ರ್ಯಾಂಡಿನ ಬೆಲೇನೂ ಸೇರಿರುತ್ತೆ, ಬ್ರ್ಯಾಂಡನ್ನ ಬಿಟ್ಟು ಲೆಕ್ಕ ಹಾಕಿ ಗುಡ್‌ವಿಲ್ ಊದಿಸ್ಬೇಡಿ.

ಮಾರುಕಟ್ಟೆ ಸ್ಪರ್ಧೆ ಮೇಲೆ ಕಣ್ಣಿಡೋ ಆಯೋಗ ಸಿಸಿಐನ ಒಪ್ಪಿಗೆ ಬಗ್ಗೆ ಒಂದೇ ಸಾಲು, ಹಳೇ ಬುಕ್ಕಲ್ಲಿ ಇರಲ್ಲ: 2024ರ ಸೆಪ್ಟೆಂಬರಿಂದ ಡೀಲ್ ಮೊತ್ತ 2,000 ಕೋಟಿ ದಾಟಿ, ಮಾರಾಟವಾಗೋ ಕಂಪನಿಗೆ ಇಲ್ಲಿ ಗಣನೀಯ ವ್ಯವಹಾರ ಇದ್ರೆ ಅದ್ರ ಆಸ್ತಿ, ಟರ್ನೋವರ್ ಕಮ್ಮಿ ಇದ್ರೂ ಸಿಸಿಐಗೆ ತಿಳಿಸ್ಬೇಕು.

ಪ್ರಾಕ್ಟೀಸ್‌ಗೆ ಒಂದು: ಸಿಂಡಿಕೇಟ್‌ನ 1000ಕ್ಕೆ ಕೆನರಾದ 158 ಷೇರು ಕೊಟ್ರು, ನಿಮ್ಮ ಅಜ್ಜಿ ಹೆಸರಲ್ಲಿ 250 ಇತ್ತು. 39.5 ಬರುತ್ತೆ, 39 ಷೇರು, ಅರ್ಧಕ್ಕೆ ದುಡ್ಡು. ಮೂರು ಪ್ರಶ್ನೆಗೂ ಪಕ್ಕದಲ್ಲೇ ಉತ್ತರ ಬರೀರಿ, ಅಜ್ಜಿ ಹತ್ರ ಇರೋ ಹಳೇ ಚೆಕ್ ಬುಕ್ಕಲ್ಲಿರೋ ಸಿಂಡಿಕೇಟ್‌ನ SYNB ಬ್ಯಾಂಕ್ ಕೋಡ್ ಈಗ ನಡೆಯಲ್ಲ, ಕೆನರಾದ CNRB ಕೋಡ್ ಬೇಕು ಅಂತ ಅವ್ರಿಗೂ ಹೇಳಿ.