ಮಾಡ್‌ಬಸ್ ರಿಜಿಸ್ಟರ್ ಅಂದರೆ ಏನು? ಕಂಪ್ಯೂಟರ್ ಮತ್ತು ಟೆಂಪರೇಚರ್ ಕಂಟ್ರೋಲರ್ ಮಾತಾಡುವ ಬಗೆ

ಫರ್ನೇಸ್, ಓವನ್ ಅಥವಾ ಪ್ಲಾಸ್ಟಿಕ್ ಮೋಲ್ಡಿಂಗ್ ಮೆಷಿನ್ ಇರುವ ಕಾರ್ಖಾನೆಗೆ ಹೋದರೆ ಪ್ಯಾನಲ್ ಮೇಲೆ ಒಂದು ಚೌಕ ಡಬ್ಬಿ ಕಾಣುತ್ತದೆ. ಅದರಲ್ಲಿ ಎರಡು ಸಾಲು ಅಂಕಿಗಳು. ಮೇಲಿನದು ಈಗ ಇರುವ ಉಷ್ಣತೆ, ಅದಕ್ಕೆ ಪಿವಿ ಅನ್ನುತ್ತಾರೆ. ಕೆಳಗಿನದು ನಮಗೆ ಬೇಕಾದ ಉಷ್ಣತೆ, ಅದು ಎಸ್‌ವಿ ಅಥವಾ ಸೆಟ್ ಪಾಯಿಂಟ್. ಇದೇ ಟೆಂಪರೇಚರ್ ಕಂಟ್ರೋಲರ್. ಥರ್ಮೋಕಪಲ್ ಅನ್ನುವ ಸೆನ್ಸರ್‌ನಿಂದ ಉಷ್ಣತೆ ಓದಿ, ಹೀಟರ್ ಎಷ್ಟು ಹೊತ್ತು ಆನ್ ಇರಬೇಕು ಅಂತ ತಾನೇ ಲೆಕ್ಕ ಹಾಕುತ್ತದೆ. ಆ ಅಂಕಿಗಳನ್ನು ಕಂಪ್ಯೂಟರ್‌ಗೆ ತಂದು ರಾತ್ರಿಯಿಡೀ ದಾಖಲಿಸಬೇಕು, ಸೆಟ್ ಪಾಯಿಂಟ್ ಅನ್ನು ಪ್ರೋಗ್ರಾಮ್‌ನಿಂದಲೇ ಬದಲಿಸಬೇಕು ಅಂತ ಹೊರಟವರಿಗೆ ಮೊದಲು ಎದುರಾಗುವ ಮಾತು ಮಾಡ್‌ಬಸ್ ರಿಜಿಸ್ಟರ್. ಮಾಡ್‌ಬಸ್ ಅಂದರೆ ಇಂಥ ಸಾಧನಗಳು ತಂತಿಯ ಮೇಲೆ ಮಾತಾಡಿಕೊಳ್ಳುವ ನಿಯಮಗಳ ಕಟ್ಟು.

ರಿಜಿಸ್ಟರ್ ಅಂದರೆ ಕಂಟ್ರೋಲರ್ ಒಳಗಿನ 16 ಬಿಟ್‌ನ ಒಂದು ಜಾಗ. ಅದಕ್ಕೊಂದು ವಿಳಾಸ ಇರುತ್ತದೆ, ಅದರಲ್ಲಿ 0ಯಿಂದ 65535ರವರೆಗಿನ ಒಂದು ಸಂಖ್ಯೆ ಇರುತ್ತದೆ. ಅಷ್ಟೇ. ಡಿಗ್ರಿ, ಪಾಯಿಂಟ್, ಮೈನಸ್ ಯಾವುದೂ ಅದಕ್ಕೆ ಗೊತ್ತಿಲ್ಲ. ಆ ಸಂಖ್ಯೆಗೆ ಅರ್ಥ ಇರುವುದು ತಯಾರಕರು ಕೊಡುವ ಮ್ಯಾನುಯಲ್‌ನ ಪಟ್ಟಿಯಲ್ಲಿ. ಹಾಗಾಗಿ ಈ ಕೆಲಸದಲ್ಲಿ ಕೋಡ್ ಬರೆಯುವುದಕ್ಕಿಂತ ಆ ಪಟ್ಟಿಯನ್ನು ಸರಿಯಾಗಿ ಓದುವುದೇ ದೊಡ್ಡದು ಅಂತ ನಾನು ನಂಬಿದ್ದೇನೆ.

ಮಾಡ್‌ಬಸ್ ಹುಟ್ಟಿದ್ದು 1979ರಲ್ಲಿ, ಅಮೆರಿಕದ ಮೋಡಿಕಾನ್ ಕಂಪನಿಯಲ್ಲಿ. ಅವರು ಮಾಡುತ್ತಿದ್ದ ಪಿಎಲ್‌ಸಿಗಳು (ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಕಂಪ್ಯೂಟರ್‌ಗಳು) ಮಾತಾಡಿಕೊಳ್ಳಲಿ ಅಂತ ಅದನ್ನು ರೂಪಿಸಿದರು. ಮೋಡಿಕಾನ್ ಈಗ ಷ್ನೈಡರ್ ಎಲೆಕ್ಟ್ರಿಕ್ ಬ್ರ್ಯಾಂಡ್. ನಿಯಮಗಳು ಎಲ್ಲರಿಗೂ ತೆರೆದಿದ್ದವು, ಸರಳವಾಗಿದ್ದವು, ಅದಕ್ಕೇ ಇವತ್ತಿಗೂ ಡೆಲ್ಟಾ, ಯೂರೋಥರ್ಮ್ ಹೀಗೆ ಎಷ್ಟೋ ಕಂಪನಿಗಳ ಕಂಟ್ರೋಲರ್‌ಗಳಿಗೆ ಮಾಡ್‌ಬಸ್ ಬರುತ್ತದೆ.

ಇಲ್ಲಿ ಯಾವಾಗಲೂ ಕೇಳುವವನು ಒಬ್ಬನೇ, ಅದು ಕಂಪ್ಯೂಟರ್. ಕೇಳದೆ ಕಂಟ್ರೋಲರ್ ಬಾಯಿ ಬಿಡುವುದಿಲ್ಲ. ಡೆಲ್ಟಾದ ಡಿಟಿಬಿ ಮಾದರಿಯನ್ನೇ ತಗೊಳ್ಳಿ. ಅದರಲ್ಲಿ ಪಿವಿ ಇರುವುದು 1000 ಹೆಕ್ಸ್ (ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆದ ಸಂಖ್ಯೆ) ವಿಳಾಸದಲ್ಲಿ, ಸೆಟ್ ಪಾಯಿಂಟ್ 1001ರಲ್ಲಿ. ಕಂಪ್ಯೂಟರ್ ಕಳಿಸುವ ಬೈಟುಗಳು ಹೀಗಿರುತ್ತವೆ: 01 03 10 00 00 01, ಆಮೇಲೆ ಇನ್ನೆರಡು ಬೈಟು. ಮೊದಲ 01 ಯಾವ ಕಂಟ್ರೋಲರ್ ಅನ್ನುವುದು (ಒಂದೇ ತಂತಿಯಲ್ಲಿ ಹಲವು ಇರಬಹುದು, ವಿಳಾಸ 1ರಿಂದ 247ರವರೆಗೆ ಕೊಡಬಹುದು). 03 ಅಂದರೆ 'ರಿಜಿಸ್ಟರ್ ಓದು'. 10 00 ಅಂದರೆ ಎಲ್ಲಿಂದ, 00 01 ಅಂದರೆ ಎಷ್ಟು. ಕೊನೆಯ ಎರಡು ಬೈಟು ಸಿಆರ್‌ಸಿ, ದಾರಿಯಲ್ಲಿ ಏನಾದರೂ ಕೆಟ್ಟಿದೆಯಾ ಅಂತ ನೋಡುವ ಲೆಕ್ಕ. ಸಿಆರ್‌ಸಿ ತಪ್ಪಿದ್ದರೆ ಕಂಟ್ರೋಲರ್ ಏನೂ ಉತ್ತರ ಕೊಡದೆ ಸುಮ್ಮನಿರುತ್ತದೆ. ಇಲ್ಲದ ವಿಳಾಸ ಕೇಳಿದರೆ ಮಾತ್ರ ಉತ್ತರ ಬರುತ್ತದೆ, ಆದರೆ 03ರ ಬದಲು 83 ಅಂತ ಬಂದು, ಜೊತೆಗೆ 02 ಅನ್ನುವ ದೋಷದ ಸಂಖ್ಯೆ ಇರುತ್ತದೆ. ಈ ವ್ಯತ್ಯಾಸ ಬಹಳ ಉಪಯೋಗದ್ದು. ಪೂರ್ತಿ ಮೌನ ಅಂದರೆ ತಂತಿ, ಬಾಡ್ ರೇಟ್ (ಮಾಹಿತಿ ಹೋಗುವ ವೇಗ), ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್) ಅಥವಾ ಕಂಟ್ರೋಲರ್ ವಿಳಾಸ ನೋಡಿ. 83 ಬಂತು ಅಂದರೆ ತಂತಿ ಸರಿ ಇದೆ, ಪಟ್ಟಿಯನ್ನು ಮತ್ತೊಮ್ಮೆ ಓದಿ.

ಈಗ ಅಸಲು ವಿಷಯ. ಉತ್ತರದಲ್ಲಿ 2505 ಬಂತು ಅನ್ನಿ. ಡಿಟಿಬಿಯಲ್ಲಿ ಪಿವಿಯ ಅಳತೆ 0.1 ಡಿಗ್ರಿ, ಅಂದರೆ ಅದು 250.5. ಮೈನಸ್ 5.0 ಡಿಗ್ರಿ ಆದರೆ 65486 ಅಂತ ಬರುತ್ತದೆ, ಅದನ್ನು ಸೈನ್ಡ್ (ಮೈನಸ್ ಕೂಡ ಇರಬಹುದಾದ) ಸಂಖ್ಯೆಯಾಗಿ ಓದಿದರೆ ಮೈನಸ್ 50 ಸಿಗುತ್ತದೆ, ಹತ್ತರಿಂದ ಭಾಗಿಸಬೇಕು. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಸೆನ್ಸರ್ ತಂತಿ ಕಳಚಿಕೊಂಡರೆ ಡಿಟಿಬಿ ಅದೇ ಪಿವಿ ರಿಜಿಸ್ಟರ್‌ನಲ್ಲಿ 8003 ಹೆಕ್ಸ್ ಇಡುತ್ತದೆ. ಅದು ದೋಷದ ಗುರುತು, ಉಷ್ಣತೆ ಅಲ್ಲವೇ ಅಲ್ಲ. ಪ್ರೋಗ್ರಾಮ್‌ಗೆ ಇದನ್ನು ಹೇಳಿಕೊಟ್ಟಿಲ್ಲ ಅಂದರೆ ನಿಮ್ಮ ಫೈಲ್‌ನಲ್ಲಿ 3277.1 ಡಿಗ್ರಿ ಅಂತ ದಾಖಲಾಗುತ್ತದೆ, ಸೈನ್ಡ್ ಆಗಿ ಓದಿದರೆ ಮೈನಸ್ 3276.5. ಅದರ ಮೇಲೆ ಸರಾಸರಿ ತೆಗೆದರೆ ಇಡೀ ಬ್ಯಾಚ್‌ನ ದಾಖಲೆ ಹಾಳು. ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶಾಪ್‌ಗಳಂಥ ಕಡೆ ಗಿರಾಕಿಗೆ ಉಷ್ಣತೆಯ ಚಾರ್ಟ್ ತೋರಿಸಬೇಕಾಗುತ್ತದೆ, ಅಲ್ಲಿ ಇದು ಸಣ್ಣ ವಿಷಯ ಅಲ್ಲ.

ವಿಳಾಸದ ಗೊಂದಲವೂ ಹಳೆಯದು. ಕೆಲವು ಮ್ಯಾನುಯಲ್‌ಗಳು 40001 ಅಂತ ಬರೆಯುತ್ತವೆ, ತಂತಿಯಲ್ಲಿ ಹೋಗಬೇಕಾದ್ದು 0. ಶುರುವಿನಲ್ಲಿರುವ 4 ಅನ್ನುವ ಅಂಕಿ ರಿಜಿಸ್ಟರ್‌ನ ಬಗೆಯನ್ನು ಹೇಳುತ್ತದೆ, ಎಣಿಕೆ 1ರಿಂದ ಶುರುವಾಗುತ್ತದೆ. ಓದಿದ್ದು ಅರ್ಥವಾಗದ ಸಂಖ್ಯೆ ಆಗಿದ್ದರೆ ಮೊದಲು ಒಂದು ವಿಳಾಸ ಹಿಂದೆ, ಒಂದು ಮುಂದೆ ಓದಿ ನೋಡಿ.

ತಂತಿ ಸಾಮಾನ್ಯವಾಗಿ ಆರ್‌ಎಸ್-485. ಎ, ಬಿ ಅಂತ ಎರಡು ಎಳೆ, ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಎಳೆಯಬಹುದು, ಉದ್ದ ಜಾಸ್ತಿ ಇದ್ದರೆ ಎರಡೂ ತುದಿಗೆ 120 ಓಮ್‌ನ ರೆಸಿಸ್ಟರ್ ಹಾಕುತ್ತಾರೆ. ಕಂಪ್ಯೂಟರ್ ಕಡೆ ಯುಎಸ್‌ಬಿ ಪರಿವರ್ತಕ ಸಾಕು. ಎ, ಬಿ ಹೆಸರುಗಳನ್ನು ಎಲ್ಲ ಕಂಪನಿಯವರೂ ಒಂದೇ ರೀತಿ ಬಳಸುವುದಿಲ್ಲ, ಉತ್ತರ ಬರದಿದ್ದರೆ ಅದಲು ಬದಲು ಮಾಡಿ ನೋಡುವುದರಲ್ಲಿ ತಪ್ಪಿಲ್ಲ.

ಪೈಥಾನ್‌ನಲ್ಲಿ ಮಿನಿಮಲ್‌ಮಾಡ್‌ಬಸ್ ಅನ್ನುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇದೆ. ಪೋರ್ಟ್ ಹೆಸರು, ಕಂಟ್ರೋಲರ್ ವಿಳಾಸ, ರಿಜಿಸ್ಟರ್ ಸಂಖ್ಯೆ 4096 (ಅದೇ 1000 ಹೆಕ್ಸ್), ದಶಮಾಂಶ ಸ್ಥಾನ 1 ಅಂತ ಕೊಟ್ಟರೆ ನೇರವಾಗಿ 250.5 ಸಿಗುತ್ತದೆ. ಸಿಆರ್‌ಸಿ ಎಲ್ಲ ಅದೇ ನೋಡಿಕೊಳ್ಳುತ್ತದೆ. ಅದರ ಬಾಡ್ ರೇಟ್ ಮೊದಲೇ 19200 ಅಂತ ಇರುತ್ತದೆ, ಕಂಟ್ರೋಲರ್ 9600ರಲ್ಲಿದ್ದರೆ ಬದಲಿಸಲೇಬೇಕು. ಮೊದಲ ದಿನ ಒಂದೇ ರಿಜಿಸ್ಟರ್ ಓದಿ, ಡಬ್ಬಿಯ ಮೇಲಿನ ಅಂಕಿಗೆ ತಾಳೆ ನೋಡಿ. ಅದು ಹೊಂದುವವರೆಗೆ ಬೇರೇನೂ ಬರೆಯಬೇಡಿ.

ಬರೆಯುವ ಆಜ್ಞೆ 06. ಇದರಲ್ಲಿ ಎಚ್ಚರ ಬೇಕು. ಡಿಟಿಬಿಯಲ್ಲಿ ಹೊರಗಿನಿಂದ ಬರೆಯುವುದಕ್ಕೆ ಮೊದಲು ಅನುಮತಿ ಆನ್ ಮಾಡಬೇಕು, ಅದು ಒಳ್ಳೆಯದೇ. ಹಲವು ಕಂಟ್ರೋಲರ್‌ಗಳು ಹೀಗೆ ಬಂದ ಸೆಟ್ ಪಾಯಿಂಟನ್ನು ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಮೆಮೊರಿ ಚಿಪ್) ಉಳಿಸುತ್ತವೆ, ಅದಕ್ಕೆ ಆಯಸ್ಸಿದೆ. 1 ಲಕ್ಷ ಸಲ ಬರೆಯಬಹುದಾದ ಚಿಪ್‌ಗೆ ಸೆಕೆಂಡಿಗೊಮ್ಮೆ ಬರೆದರೆ 28 ಗಂಟೆಯೊಳಗೆ ಆ ಲೆಕ್ಕ ಮುಗಿಯುತ್ತದೆ. ಹಾಗಾಗಿ ಸೆಟ್ ಪಾಯಿಂಟ್ ಬದಲಾದಾಗ ಮಾತ್ರ ಬರೆಯಿರಿ, ಅಥವಾ ಮ್ಯಾನುಯಲ್‌ನಲ್ಲಿ ರ‍್ಯಾಮ್‌ಗೆ ಮಾತ್ರ ಬರೆಯುವ ದಾರಿ ಇದೆಯಾ ನೋಡಿ. ಹೀಟರ್ ಆನ್-ಆಫ್ ಮಾಡುವ ಕೆಲಸವನ್ನಂತೂ ಕಂಪ್ಯೂಟರ್‌ಗೆ ಕೊಡಲೇಬೇಡಿ. ಅದು ಕಂಟ್ರೋಲರ್‌ನಲ್ಲೇ ಇರಲಿ, ಆಗ ಕಂಪ್ಯೂಟರ್ ಮಧ್ಯರಾತ್ರಿ ಅಪ್‌ಡೇಟ್ ಅಂತ ರೀಸ್ಟಾರ್ಟ್ ಆದರೂ ಫರ್ನೇಸ್ ಕೊನೆಯ ಸೆಟ್ ಪಾಯಿಂಟ್‌ನಲ್ಲೇ ನಡೆಯುತ್ತಿರುತ್ತದೆ.