ಬಳ್ಳಾರಿಯಿಂದ ಬೆಂಗಳೂರಿಗೆ ಮಕ್ಕಳ ಜೊತೆ: ದುಡ್ಡು ಸೋರೋದು ಎಲ್ಲಿ?

ಪ್ರಶ್ನೆ: ನಾವು ಬಳ್ಳಾರಿಯವರು. ಮನೆಯವರು, ನಾನು, 10 ವರ್ಷದ ಮಗಳು, 7 ವರ್ಷದ ಮಗ. ದಸರಾ ರಜೆಯಾಗೆ ಎರಡು ದಿನ ಬೆಂಗಳೂರು ತೋರಿಸ್ರಿ ಅಂತ ಮಕ್ಕಳು ಹಟ ಹಿಡ್ದಾರೆ. ಹೋಗಿಬಂದೋರು ಹೇಳೋ ಖರ್ಚು ಕೇಳಿದ್ರೆ ಎದೆ ಹಾರ್ತೈತೆ. ಕಡಿಮೆ ದುಡ್ಡಿನಾಗೆ ಹೆಂಗೆ ಮುಗಿಸ್ಬೇಕ್ರೀ?

ಉತ್ತರ: ಪ್ರವೇಶ ಟಿಕೆಟ್‌ಗಳಿಗೆ ಹೆದರಬೇಡಿ. ಸರ್ಕಾರಿ ಮ್ಯೂಸಿಯಂ, ಉದ್ಯಾನ, ತಾರಾಲಯಗಳ ಟಿಕೆಟ್ ಇವತ್ತಿಗೂ ನಡುಮಟ್ಟದ ಮನೆಯ ಕೈಗೆ ಎಟುಕುತ್ತೆ. ದುಡ್ಡು ಸೋರುವುದು ಬೇರೆ ಕಡೆ: ಬೇಡದ ಒಂದು ರಾತ್ರಿಯ ಲಾಡ್ಜ್ ಬಾಡಿಗೆ, ಒಂದು ಜಾಗದಿಂದ ಇನ್ನೊಂದಕ್ಕೆ ಆಟೊ, ಮಕ್ಕಳು ಹಸಿದು ಅಳುವ ಹೊತ್ತಿಗೆ ಎದುರಿಗೆ ಸಿಕ್ಕ ಅಂಗಡಿ. ಈ ಮೂರೂ ನೀವು ಬೆಂಗಳೂರಲ್ಲಿ ಇಳಿಯುವ ಮೊದಲೇ ತೀರ್ಮಾನವಾಗಿರುತ್ತವೆ.

ಮೊದಲು ರೈಲು. ಹುಬ್ಬಳ್ಳಿಯಿಂದ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಗ್ಗೆ ಬೆಂಗಳೂರಲ್ಲಿ ಇಳಿಸುತ್ತೆ. ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತೆ. ಮೊದಲು 120 ದಿನ ಇತ್ತು, 2024ರ ನವೆಂಬರ್ 1ರಿಂದ 60ಕ್ಕೆ ಇಳಿದಿದೆ. ದಸರಾ ಸಮಯದಲ್ಲಿ ತಡ ಮಾಡಿದರೆ ವೇಟಿಂಗ್ ಲಿಸ್ಟೇ ಗತಿ. ವೇಟಿಂಗ್‌ನಲ್ಲೇ ಉಳಿದ ಆನ್‌ಲೈನ್ ಟಿಕೆಟ್ ತಾನಾಗಿಯೇ ರದ್ದಾಗುತ್ತೆ. ಅದನ್ನು ಹಿಡಿದು ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕಕ್ಕೆ ಸೇರಿಸಿ ದಂಡ ಹಾಕುತ್ತಾರೆ.

ಮಕ್ಕಳ ಟಿಕೆಟ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 5 ವರ್ಷ ತುಂಬದ ಮಗುವಿಗೆ ಬರ್ತ್ ಬೇಡ ಅಂದರೆ ಟಿಕೆಟ್ಟೇ ಬೇಡ. 5 ತುಂಬಿ 12 ಆಗದ ಮಗುವಿಗೆ ಎರಡು ದಾರಿ ಇವೆ. ಬರ್ತ್ ಬೇಕೆಂದರೆ ದೊಡ್ಡವರ ಪೂರ್ತಿ ದರ, ಬೇಡವೆಂದರೆ ಅರ್ಧ ದರ. ರಿಸರ್ವೇಶನ್ ಶುಲ್ಕ ಪೂರ್ತಿ ಬೀಳುವುದರಿಂದ ಈ ಅರ್ಧವೂ ಸರಿಯಾಗಿ ಅರ್ಧವಲ್ಲ, ತುಸು ಹೆಚ್ಚೇ. "ಅರ್ಧ ಟಿಕೆಟ್ ತಗೊಂಡೀವಿ, ಮಗನ ಬರ್ತ್ ಎಲ್ಲೈತೆ?" ಅಂತ ಟಿಟಿಇ ಜೊತೆ ಜಗಳಕ್ಕೆ ನಿಲ್ಲುವವರು ಈ ಎರಡನೇ ದಾರಿ ಹಿಡಿದವರೇ.

ನಿಮ್ಮ ಮನೆಯ ಲೆಕ್ಕ ಹೀಗೆ. ಇಬ್ಬರು ಮಕ್ಕಳಿಗೂ ಬರ್ತ್ ತಗೊಂಡರೆ ನಾಲ್ಕು ದರ, ನಾಲ್ಕು ಬರ್ತ್. ಇಬ್ಬರಿಗೂ ಅರ್ಧ ತಗೊಂಡರೆ ಮೂರು ದರ, ಎರಡೇ ಬರ್ತ್. ಹತ್ತು ವರ್ಷದ ಹುಡುಗಿಯ ಜೊತೆ ಒಂದೇ ಸ್ಲೀಪರ್ ಬರ್ತಿನಲ್ಲಿ ರಾತ್ರಿ ಕಳೆದ ತಾಯಿ ಮರುದಿನ ಕಾಲು ಎಳೆಯುತ್ತ ನಡೆಯಬೇಕಾಗುತ್ತೆ. ಮಗಳಿಗೆ ಪೂರ್ತಿ, ಮಗನಿಗೆ ಅರ್ಧ ಮಾಡಿ: ಮೂರೂವರೆ ದರ, ಮೂರು ಬರ್ತ್, ಮಗ ಅಪ್ಪನ ಪಕ್ಕದಲ್ಲೋ ಅಕ್ಕನ ಪಕ್ಕದಲ್ಲೋ ಮಲಗುತ್ತಾನೆ. ಅವನಿದ್ದ ಕಡೆ ಕೆಳಗಿನ ಬರ್ತೇ ಇರಲಿ. ಚೇರ್ ಕಾರ್ ಮತ್ತು ಸೆಕೆಂಡ್ ಸಿಟಿಂಗ್‌ನಲ್ಲಿ ಈ ಅರ್ಧ ದರದ ಸೌಲಭ್ಯ ಇಲ್ಲ, 5 ತುಂಬಿದ ಮಗುವಿಗೂ ಪೂರ್ತಿ ದರ. ಮಕ್ಕಳ ಆಧಾರ್ ಜೊತೆಗಿರಲಿ, ವಯಸ್ಸು ಕೇಳಿದರೆ ತೋರಿಸಬೇಕು.

"ಶಕ್ತಿ ಯೋಜನೆ ಇದೆಯಲ್ಲ, ಬಸ್ಸಿಗೇ ಹೋದರಾಯ್ತು" ಅಂದುಕೊಂಡಿರಬಹುದು. ಲೆಕ್ಕಕ್ಕೆ ಅದು ಸರಿ. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಕೆಂಪು ವೇಗದೂತ ಬಸ್ಸಿನಲ್ಲಿ ನಿಮಗೂ ಮಗಳಿಗೂ ಸೊನ್ನೆ ಟಿಕೆಟ್, ಮನೆಯವರಿಗೆ ಪೂರ್ತಿ, ಮಗನಿಗೆ ಅರ್ಧ: ಒಟ್ಟು ಒಂದೂವರೆ ದರ. ಅಮೋಘವರ್ಷ ಸ್ಲೀಪರ್, ರಾಜಹಂಸ, ಎಸಿ ಬಸ್ಸುಗಳಿಗೆ ಶಕ್ತಿ ಅನ್ವಯಿಸಲ್ಲ. ಆದರೆ ಚಿತ್ರದುರ್ಗ ಜಿಲ್ಲೆ ದಾಟಿ ಮುನ್ನೂರು ಕಿಲೊಮೀಟರ್ ರಾತ್ರಿಯಿಡೀ ಕೂತು ಹೋದ ಮಕ್ಕಳು ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದಾಗ ನಿಂತಲ್ಲೇ ತೂಕಡಿಸುತ್ತವೆ. ಮಧ್ಯಾಹ್ನದವರೆಗೆ ನಿದ್ದೆ, ಅರ್ಧ ದಿನ ಹಾಳು, ಉಳಿಸಿದ ದುಡ್ಡು ಇನ್ನೊಂದು ದಿನದ ಲಾಡ್ಜಿಗೆ. ಅದಕ್ಕೇ ಹೋಗುವಾಗ ರೈಲು, ಬರುವಾಗ ಕೆಂಪು ಬಸ್ ಅನ್ನುವುದು ನಮ್ಮ ಸಲಹೆ. ವಾಪಸ್ ಬರುವಾಗ ದಣಿದರೂ ಚಿಂತೆಯಿಲ್ಲ, ಬೆಳಗಾದರೆ ಸ್ವಂತ ಮನೆಯ ಹಾಸಿಗೆ. ಕೆಂಪು ಬಸ್ಸಿನ ಅರ್ಧ ಸೀಟು ಗಂಡಸರಿಗೆ ಮೀಸಲು, ಹಬ್ಬದ ದಿನ ಹೆಂಗಸರ ಕಡೆ ನೂಕುನುಗ್ಗಲು. ಸೀಟು ಮೊದಲೇ ಕಾಯ್ದಿರಿಸಿ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಮಗಳದ್ದೂ ಸೇರಿಸಿ ಇಟ್ಟುಕೊಳ್ಳಿ.

ಇನ್ನು ಲಾಡ್ಜ್. ಬಾಡಿಗೆ ಎಷ್ಟು ಅಂತ ಕೇಳುವ ಮೊದಲು "24 ಗಂಟೆ ಚೆಕ್‌ಔಟಾ, ಮಧ್ಯಾಹ್ನ 12ರ ಚೆಕ್‌ಔಟಾ?" ಅಂತ ಕೇಳಿ. ರೈಲಿನಿಂದ ಇಳಿದು ಬೆಳಗ್ಗೆ ಏಳಕ್ಕೆ ರೂಮು ಹಿಡಿದಿರಿ ಅನ್ನಿ. 24 ಗಂಟೆಯ ಲಾಡ್ಜ್ ಆದರೆ ಮರುದಿನ ಏಳರ ತನಕ ನಿಮ್ಮದೇ. 12ರ ಲಾಡ್ಜ್ ಆದರೆ ಅದೇ ದಿನ ಮಧ್ಯಾಹ್ನಕ್ಕೆ ಒಂದು ದಿನ ಮುಗಿಯಿತು, ಮರುದಿನದ್ದು ಬೇರೆ. ಐದು ಗಂಟೆಗೆ ಇಡೀ ದಿನದ ಬಾಡಿಗೆ ಕೊಟ್ಟಂತಾಯಿತು. ಮೆಜೆಸ್ಟಿಕ್ ಸುತ್ತಲಿನ ಗಾಂಧಿನಗರ, ಕಾಟನ್‌ಪೇಟೆ ಕಡೆ 24 ಗಂಟೆ ಲೆಕ್ಕದವೂ ಸಿಗುತ್ತವೆ. ಆನ್‌ಲೈನ್ ಬುಕಿಂಗ್ ಆ್ಯಪ್‌ಗಳಲ್ಲಿ ಮಾತ್ರ ಹೆಚ್ಚಾಗಿ 12ರ ಲೆಕ್ಕವೇ. ಫೋನಿನಲ್ಲೇ ಇನ್ನೂ ಮೂರು ಕೇಳಿ: ಇಬ್ಬರು ಮಕ್ಕಳಿಗೆ ಹೆಚ್ಚಿನ ದುಡ್ಡು ಇದೆಯಾ, ಬಿಸಿನೀರು ಎಷ್ಟು ಗಂಟೆವರೆಗೆ, ಜಿಎಸ್‌ಟಿ ಸೇರಿಸಿ ಹೇಳಿದ ದರವಾ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಹಳೇ ದರವೇ ಹಾಕಿದ್ದರೆ ಬಿಲ್ ತೋರಿಸಲು ಹೇಳಿ.

ಎರಡನೇ ದಿನ ಬೆಳಗ್ಗೆ ರೂಮು ಬಿಟ್ಟುಬಿಡಿ. ಸಂಜೆಯವರೆಗೆ ಚೀಲಗಳಿಗಾಗಿ ಇನ್ನೊಂದು ದಿನದ ಬಾಡಿಗೆ ಕಟ್ಟುವವರಿದ್ದಾರೆ. ಬೆಂಗಳೂರು ಸಿಟಿ ರೈಲು ನಿಲ್ದಾಣದಲ್ಲಿ ಕ್ಲೋಕ್ ರೂಮ್ ಇದೆ. ಬೀಗ ಹಾಕದ ಚೀಲ ಅಲ್ಲಿ ತಗೊಳ್ಳಲ್ಲ, ಜಿಪ್ಪಿಗೆ ಹಾಕುವ ಸಣ್ಣ ಬೀಗ ಬಳ್ಳಾರಿಯಿಂದಲೇ ಒಯ್ಯಿರಿ. ರೈಲು ಟಿಕೆಟ್ಟನ್ನೂ ಕೇಳುತ್ತಾರೆ, ಮೊಬೈಲಿನಿಂದ ಅಳಿಸಬೇಡಿ.

ಊರೊಳಗೆ ಓಡಾಟಕ್ಕೆ "ಮೆಟ್ರೊ ಅಗ್ಗ" ಅನ್ನುವ ಮಾತು ಒಬ್ಬರೇ ಓಡಾಡುವವರಿಗೆ ನಿಜ, ನಾಲ್ಕು ಜನಕ್ಕೆ ಯಾವಾಗಲೂ ಅಲ್ಲ. ಮೆಟ್ರೊದಲ್ಲಿ ಅರ್ಧ ಟಿಕೆಟ್ ಇಲ್ಲ. 3 ಅಡಿಗಿಂತ ಕುಳ್ಳಗಿದ್ದರೆ ಉಚಿತ, ಮೇಲಿದ್ದರೆ ಪೂರ್ತಿ. ನಿಮ್ಮ ಇಬ್ಬರೂ ಪೂರ್ತಿ ದರದವರೇ. 2025ರ ಫೆಬ್ರವರಿಯ ಪರಿಷ್ಕರಣೆಯಂತೆ 2ರಿಂದ 4 ಕಿಲೊಮೀಟರಿಗೆ ತಲೆಗೆ 20 ರೂಪಾಯಿ, ನಾಲ್ವರಿಗೆ 80. ಅದೇ ಮೂರು ಕಿಲೊಮೀಟರ್ ಆಟೊ ಮೀಟರಿನಲ್ಲಿ ಹೋದರೆ 54: 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೊಮೀಟರಿಗೆ 36, ಮುಂದೆ ಕಿಲೊಮೀಟರಿಗೆ 18. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು. ಆಟೊದವರು ಮೀಟರ್ ಹಾಕಬೇಕಲ್ಲ ಅನ್ನುವುದು ಬೇರೆ ಪ್ರಶ್ನೆ. ಹಾಕದೆ "ನೂರೈವತ್ತು ಕೊಡಿ" ಅಂದಾಗ ಮೆಟ್ರೊ ಕಡೆ ನಡೆಯಿರಿ. ದೂರ ಹತ್ತು ಹದಿನೈದು ಕಿಲೊಮೀಟರ್ ಮುಟ್ಟಿತು ಅಂದರೆ ಆಟೊ ಮರೆತುಬಿಡಿ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಮಕ್ಕಳ ಗೋಳಿಗಾದರೂ ಮೆಟ್ರೊ ಬೇಕು.

ಇವೆರಡನ್ನೂ ಮೀರಿಸುವುದು ಬಿಎಂಟಿಸಿಯ ಸಾಮಾನ್ಯ ಬಸ್. ಅಲ್ಲೂ ನಿಮಗೆ, ಮಗಳಿಗೆ ಉಚಿತ. ಮನೆಯವರು ದಿನಕ್ಕೆ ನಾಲ್ಕೈದು ಸಲ ಹತ್ತಿ ಇಳಿಯುವುದಿದ್ದರೆ 80 ರೂಪಾಯಿಯ ದಿನದ ಪಾಸ್ ಮಾಡಿಸಲಿ, ಎರಡೇ ಸಲ ಆದರೆ ಬಿಡಿ ಟಿಕೆಟ್ಟೇ ಅಗ್ಗ. ಎಸಿ ವಜ್ರ ಬಸ್ಸಿಗೆ ಉಚಿತ ಪ್ರಯಾಣವೂ ಇಲ್ಲ, ಈ ಪಾಸೂ ನಡೆಯಲ್ಲ.

ಹಾಗಾದರೆ ಏನು ನೋಡಬೇಕು? ಓಡಾಟದ ಖರ್ಚು ಕಡಿಮೆಯಾಗಬೇಕಾದರೆ ಒಂದು ದಿನಕ್ಕೆ ಊರಿನ ಒಂದೇ ಭಾಗ ಇಟ್ಟುಕೊಳ್ಳಿ. ಮೊದಲ ದಿನಕ್ಕೆ ಕಬ್ಬನ್ ಪಾರ್ಕ್ ಸುತ್ತಮುತ್ತ ಸಾಕು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1962ರಿಂದಲೂ ಇದೆ. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವಂಥವೇ ಹೆಚ್ಚು, 7 ಮತ್ತು 10ರ ಮಕ್ಕಳು ಮೂರು ಗಂಟೆ ಸುಲಭವಾಗಿ ಕಳೆಯುತ್ತಾರೆ. ಹೊರಗೆ ಬಂದರೆ ಪಾರ್ಕ್, ಅದರೊಳಗೇ ಬಾಲಭವನ. ಸಂಜೆಗೆ ಜವಾಹರಲಾಲ್ ನೆಹರೂ ತಾರಾಲಯ. ಅಲ್ಲಿ ಕನ್ನಡದ ಪ್ರದರ್ಶನಕ್ಕೇ ಬೇರೆ ವೇಳೆ ಇರುತ್ತೆ. ಅದನ್ನು ನೋಡದೆ ಹೋದವರು ಇಂಗ್ಲಿಷ್ ಪ್ರದರ್ಶನಕ್ಕೆ ಟಿಕೆಟ್ ಕೊಂಡು, ಮಕ್ಕಳು ಕತ್ತಲಲ್ಲಿ ನಿದ್ದೆ ಹೋಗುತ್ತವೆ.

ವಾರ ನೋಡಿಕೊಂಡು ಹೊರಡಿ. ತಾರಾಲಯಕ್ಕೆ ಸೋಮವಾರ ರಜೆ, ಬನ್ನೇರುಘಟ್ಟ ಉದ್ಯಾನಕ್ಕೆ ಮಂಗಳವಾರ ರಜೆ. ಶನಿವಾರ ರಾತ್ರಿ ಹೊರಟು ಭಾನುವಾರ, ಸೋಮವಾರ ಮುಗಿಸುವವರೇ ಹೆಚ್ಚು. ಅವರಿಗೆ ಒಂದು ದಿನ ಜಾತ್ರೆಯಂಥ ಜನ, ಇನ್ನೊಂದು ದಿನ ಮುಚ್ಚಿದ ಬಾಗಿಲು. ಮಂಗಳವಾರ ರಾತ್ರಿ ಹೊರಟರೆ ಬುಧವಾರ, ಗುರುವಾರ ಎರಡೂ ತೆರೆದಿರುತ್ತವೆ.

ಬನ್ನೇರುಘಟ್ಟಕ್ಕೆ ಮೆಜೆಸ್ಟಿಕ್‌ನಿಂದ 365ನೇ ನಂಬರಿನ ಬಸ್ಸಿದೆ. ಆದರೆ ಮಕ್ಕಳಿಗೆ ಹುಲಿ, ಸಿಂಹ ತೋರಿಸುವುದೇ ಉದ್ದೇಶವಾದರೆ ಅಷ್ಟು ದೂರ ಯಾಕೆ? ಕಮಲಾಪುರದ ಹತ್ತಿರ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನದಲ್ಲೇ ಹುಲಿ, ಸಿಂಹದ ಸಫಾರಿ ಇದೆ. ಬಳ್ಳಾರಿಯಿಂದ ಬೆಳಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಅದೇ ದಿನ ಹಂಪಿಯ ವಿಜಯ ವಿಠ್ಠಲ ದೇವಸ್ಥಾನಕ್ಕೆ ಕೊಂಡ ಟಿಕೆಟ್ಟನ್ನು ಕಮಲ ಮಹಲಿಗೂ ತೋರಿಸಬಹುದು, 15 ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ. ಬೆಂಗಳೂರಿನ ಎರಡನೇ ದಿನವನ್ನು ಲಾಲ್‌ಬಾಗಿಗೆ ಇಡಿ. ಅಲ್ಲಿನ ಬಂಡೆಗೆ ಮುನ್ನೂರು ಕೋಟಿ ವರ್ಷದ ಮೇಲೆ ವಯಸ್ಸು. ದಿನಾ ಬಳ್ಳಾರಿ ಗುಡ್ಡ ನೋಡುವ ಮಕ್ಕಳು ಅದನ್ನು ಕಂಡು ಬೆರಗಾಗುತ್ತವೆ ಅನ್ನುವ ಭರವಸೆ ಮಾತ್ರ ಬೇಡ.

ಬಿಡದಿ ಬಳಿಯ ವಂಡರ್‌ಲಾ ಬೇಕೇ ಬೇಕು ಅಂದರೆ ಅದಕ್ಕೇ ಇಡೀ ದಿನ, ಇಡೀ ಬಜೆಟ್ ಎತ್ತಿಡಿ. ಅಲ್ಲಿ ವಯಸ್ಸಲ್ಲ, ಎತ್ತರದ ಲೆಕ್ಕ: 140 ಸೆಂಟಿಮೀಟರ್ ದಾಟಿದರೆ ದೊಡ್ಡವರ ಟಿಕೆಟ್. ನಿಮ್ಮ ಮಗಳು ಆ ಗೆರೆಯ ಹತ್ತಿರವೇ ಇರಬಹುದು, ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆಯಿರಿ. ನೀರಾಟಕ್ಕೆ ಹತ್ತಿಬಟ್ಟೆ ಬಿಡಲ್ಲ. ನೈಲಾನ್ ಟಿ ಶರ್ಟ್, ಚಡ್ಡಿ ಒಯ್ಯದಿದ್ದರೆ ಅಲ್ಲೇ ನಾಲ್ವರಿಗೂ ಕೊಳ್ಳಬೇಕಾಗುತ್ತೆ. ಮಾಲ್‌ಗಳ ಆಟದ ಜಾಗದಲ್ಲೂ ಇಂಥದ್ದೇ: ಕಾರ್ಡಿಗೆ ತುಂಬಿದ ದುಡ್ಡು ಉಳಿದರೆ ಹೆಚ್ಚಿನ ಕಡೆ ವಾಪಸ್ ಕೊಡಲ್ಲ.

ಊಟಕ್ಕೆ ಬರೋಣ. ಎರಡು ಹೊತ್ತು ದರ್ಶಿನಿಯಲ್ಲಿ ನಿಂತು ತಿಂದರೆ ಸಾಕು. ಇಂದಿರಾ ಕ್ಯಾಂಟೀನ್ ಸಿಕ್ಕರೆ ತಿಂಡಿ 5, ಊಟ 10 ರೂಪಾಯಿ. ಜೇಬು ಕೊರೆಯುವುದು ಸಂಜೆ ನಾಲ್ಕರಿಂದ ಆರರ ನಡುವಿನ ಹಸಿವು. ಅದಕ್ಕೆ ಮನೆಯಿಂದಲೇ ಒಂದು ಡಬ್ಬಿ ಒಗ್ಗರಣೆ ಹಾಕಿದ ಒಣ ಮಂಡಕ್ಕಿ ಇರಲಿ. ಮಿರ್ಚಿ ಜೊತೆ ತಿನ್ನುವ ನೆನೆಸಿದ ಒಗ್ಗರಣೆ ಬೇಡ, ಅದು ಬೆಳಗಾಗುವಷ್ಟರಲ್ಲಿ ಹುಳಿ ವಾಸನೆ ಹೊಡೆಯುತ್ತೆ. ಕಾಲು ಕೆಜಿ ಮಂಡಕ್ಕಿಗೆ ನಾಲ್ಕು ದೊಡ್ಡ ಚಮಚ ಎಣ್ಣೆ, ಎರಡು ಹಿಡಿ ಶೇಂಗಾ, ಒಂದು ಹಿಡಿ ಪುಟಾಣಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಅರಿಶಿನ, ಖಾರದಪುಡಿ, ಉಪ್ಪು. ಕರಿಬೇವು ತೊಳೆದು ಒರೆಸಿ, ಎಣ್ಣೆಯಲ್ಲಿ ಗರಿಗರಿಯಾಗುವವರೆಗೆ ಬಿಡಿ. ಎಲೆಯ ಪಸೆ ಉಳಿದರೂ, ಬಿಸಿಯಿರುವಾಗಲೇ ಮುಚ್ಚಿದರೂ ಮಂಡಕ್ಕಿ ರಬ್ಬರಿನಂತಾಗುತ್ತೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ನಾಲ್ಕು ದಿನಕ್ಕೆ ಮೋಸವಿಲ್ಲ. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಒಂದು ಅರ್ಧ ಲೀಟರ್ ಮೊಸರು ಕೊಂಡು ರಾತ್ರಿ ಊಟ ರೂಮಿನಲ್ಲೇ ಮುಗಿಸಬಹುದು. ನೀರಿಗೆ ತಲಾ ಒಂದು ಬಾಟಲಿ ಮನೆಯಿಂದಲೇ ಒಯ್ಯಿರಿ. ನಿಲ್ದಾಣದಲ್ಲಿ ಕೊಳ್ಳಲೇಬೇಕಾದರೆ ಒಂದು ಲೀಟರ್ ರೈಲ್ ನೀರಿಗೆ 14 ರೂಪಾಯಿ, ಇಪ್ಪತ್ತು ಕೊಟ್ಟು ಬರಬೇಡಿ.

ರಾಯಚೂರಿನ ಓದುಗರಿಗೆ ಒಂದು ಮಾತು. ನಿಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಆದರೆ ಗಡಿ ದಾಟುವ ಬಸ್ಸಿನಲ್ಲಿ ಶಕ್ತಿ ನಡೆಯಲ್ಲ, ನಾಲ್ವರಿಗೂ ಟಿಕೆಟ್ ಲೆಕ್ಕ ಹಾಕಿಕೊಳ್ಳಿ. ಅಲ್ಲಿ ನೆಹರೂ ಮೃಗಾಲಯಕ್ಕೆ ಸೋಮವಾರ, ಸಾಲಾರ್ ಜಂಗ್ ಮ್ಯೂಸಿಯಂಗೆ ಶುಕ್ರವಾರ ರಜೆ.